ಗಡಿ ನಕ್ಷೆಯ ಕಡತ: ಸಲ್ಲಿಸುವ ಮುನ್ನ ತಾಳೆ ನೋಡಿ

ಜಮಾ ಖರ್ಚಿನ ತಃಖ್ತೆಗೆ ಸಹಿ ಹಾಕುವ ಮುನ್ನ ಯಾವ ವರ್ತಕನೂ ಅಖೈರು ಶಿಲ್ಕನ್ನು ನೋಡದೆ ಇರುವುದಿಲ್ಲ. ಆದರೆ ತನ್ನದೇ ಜಮೀನಿನ ಗಡಿಯನ್ನು ತೋರಿಸುವ ಗಣಕಯಂತ್ರದ ಕಡತವನ್ನು ಒಮ್ಮೆಯೂ ತೆರೆಯದೆ ಅರ್ಜಿಯೊಂದಿಗೆ ಸಲ್ಲಿಸುವ ಉದ್ಯಮಿಗಳು ಅನೇಕರಿದ್ದಾರೆ. ಈ ಅಲಕ್ಷ್ಯಕ್ಕೆ ತೆರಬೇಕಾಗುವ ಬೆಲೆ ಅಲ್ಪವಲ್ಲ.

ನಮ್ಮ ಕಕ್ಷಿದಾರರೊಬ್ಬರು ಕಟ್ಟಡ ಕಲ್ಲಿನ ಗಣಿಗಾಗಿ ಪರಿಸರ ಅನುಮತಿ ಕೋರಿ ಅರ್ಜಿ ಸಲ್ಲಿಸಿದ್ದರು. ಪಹಣಿಯಲ್ಲಿದ್ದ ವಿಸ್ತೀರ್ಣ 3 ಎಕರೆ 20 ಗುಂಟೆ. ಆದರೆ ಅರ್ಜಿಗೆ ಲಗತ್ತಿಸಿದ ಗಡಿ ಕಡತದಲ್ಲಿ ಅದು 4 ಎಕರೆಗೂ ಮೀರಿತ್ತು. ಕಡತ ಸಿದ್ಧಪಡಿಸಿದವರು ಪಕ್ಕದ ಬಂಡಿದಾರಿಯನ್ನೂ ನೆರೆಯವರ ಹೊಲದ ಅಂಚನ್ನೂ ಗಡಿಯೊಳಗೆ ಸೇರಿಸಿಬಿಟ್ಟಿದ್ದರು. ಅರ್ಜಿಯು ಆಕ್ಷೇಪಣೆಯೊಂದಿಗೆ ಹಿಂದಿರುಗಿತು. ಅದನ್ನು ಸರಿಪಡಿಸುವಷ್ಟರಲ್ಲಿ ತಿಂಗಳುಗಳು ಕಳೆದವು. ಯಂತ್ರಗಳ ಮೇಲಿನ ಸಾಲಕ್ಕೆ ಬಡ್ಡಿ ಮಾತ್ರ ನಿಲ್ಲದೆ ಏರುತ್ತಿತ್ತು. ಇದಕ್ಕಿಂತಲೂ ಹೆಚ್ಚಾಗಿ, ತಮ್ಮ ಹೊಲವನ್ನು ಕಬಳಿಸುವ ಹುನ್ನಾರವಿದೆಯೆಂದು ನೆರೆಯವರು ಶಂಕಿಸತೊಡಗಿದರು.

ಕಡತದ ಸ್ವರೂಪ

ಈ ಕಡತಕ್ಕೆ ಕೆಎಂಎಲ್ ಎಂದು ಹೆಸರು. ಅಮೆರಿಕದ ಕೀಹೋಲ್ ಎಂಬ ಸಂಸ್ಥೆಯು ಭೂಗೋಳವನ್ನು ಗಣಕಯಂತ್ರದ ಪರದೆಯ ಮೇಲೆ ತೋರಿಸುವ ತಂತ್ರಾಂಶವೊಂದನ್ನು ರೂಪಿಸಿತ್ತು. ಗೂಗಲ್ ಸಂಸ್ಥೆಯು 2004ರಲ್ಲಿ ಅದನ್ನು ಖರೀದಿಸಿ, 2005ರಲ್ಲಿ ಆ ತಂತ್ರಾಂಶವನ್ನು ಗೂಗಲ್ ಅರ್ತ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿತು. ಕೀಹೋಲ್ ಮಾರ್ಕಪ್ ಲ್ಯಾಂಗ್ವೇಜ್ ಎಂಬುದರ ಸಂಕ್ಷಿಪ್ತ ರೂಪವೇ ಕೆಎಂಎಲ್. 2008ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನಕದ ಸ್ಥಾನ ದೊರೆತುದರಿಂದ ಇತರ ನಕ್ಷಾ ತಂತ್ರಾಂಶಗಳೂ ಇದನ್ನು ಓದಬಲ್ಲವು. ಕೇಂದ್ರ ಪರಿಸರ ಸಚಿವಾಲಯವು 2018ರಲ್ಲಿ ಆರಂಭಿಸಿದ ಪರಿವೇಶ್ ಜಾಲತಾಣದಲ್ಲಿ ಪರಿಸರ ಅನುಮತಿ ಕೋರುವವರು ಯೋಜನಾ ಪ್ರದೇಶದ ಗಡಿಯನ್ನು ಇದೇ ರೂಪದಲ್ಲಿ ಸಲ್ಲಿಸಬೇಕು.

ಕೆಎಂಎಲ್ ಕಡತವು ಛಾಯಾಚಿತ್ರವಲ್ಲ. ಅಕ್ಷರ ಹಾಗೂ ಅಂಕಿಗಳ ಸಾದಾ ಬರಹ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪ್ರತಿಯೊಂದು ಮೂಲೆಯ ರೇಖಾಂಶ, ಅಕ್ಷಾಂಶಗಳು ಕಣ್ಣಿಗೆ ಬೀಳುತ್ತವೆ. ಇದನ್ನೇ ಒತ್ತಿ ಚಿಕ್ಕದಾಗಿಸಿದ ರೂಪವು ಕೆಎಂಝಡ್. ಗೂಗಲ್ ಅರ್ತ್ ತಾನಾಗಿಯೇ ಕೆಎಂಝಡ್ ರೂಪದಲ್ಲಿ ಉಳಿಸಲು ಮುಂದಾಗುತ್ತದೆ. ಆದುದರಿಂದ ಉಳಿಸುವಾಗ ಕೆಎಂಎಲ್ ಎಂದು ಆರಿಸಬೇಕು. ಕಡತದ ಹೆಸರಿನ ಕೊನೆಯನ್ನಷ್ಟೇ ಬದಲಿಸಿದರೆ ಒಳಗಿನ ರೂಪ ಬದಲಾಗುವುದಿಲ್ಲ.

ಮೂರು ಸಾಮಾನ್ಯ ದೋಷಗಳು

ಮೊದಲನೆಯದು, ಅಂಕಿಗಳ ಅದಲುಬದಲು. ನಾವು ಸಾಮಾನ್ಯವಾಗಿ ಅಕ್ಷಾಂಶವನ್ನು ಮೊದಲು ಬರೆಯುತ್ತೇವೆ. ಕೆಎಂಎಲ್ ಕಡತದೊಳಗೆ ರೇಖಾಂಶವೇ ಮೊದಲು. ಬೆಂಗಳೂರನ್ನು 77.59, 12.97 ಎಂದು ನಮೂದಿಸಬೇಕು. ಹಿಂದುಮುಂದಾದಲ್ಲಿ ನಿಮ್ಮ ಕಾರ್ಖಾನೆಯು ಉತ್ತರ ಧ್ರುವ ಪ್ರದೇಶದ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ಕಾಣಿಸುತ್ತದೆ!

ಎರಡನೆಯದು, ನಿಮಿಷ ಮತ್ತು ಸೆಕೆಂಡುಗಳನ್ನು ದಶಮಾಂಶವೆಂದು ಭಾವಿಸುವುದು. 12 ಡಿಗ್ರಿ 58 ನಿಮಿಷ 30 ಸೆಕೆಂಡು ಎಂಬುದು 12.5830 ಅಲ್ಲ. ನಿಮಿಷಗಳನ್ನು 60ರಿಂದಲೂ ಸೆಕೆಂಡುಗಳನ್ನು 3,600ರಿಂದಲೂ ಭಾಗಿಸಿ ಡಿಗ್ರಿಗೆ ಕೂಡಿಸಿದರೆ 12.975 ಬರುತ್ತದೆ. ಈ ಒಂದು ತಪ್ಪಿನಿಂದ ಸ್ಥಳವು ಸುಮಾರು 43 ಕಿ.ಮೀ. ದೂರ ಸರಿಯುತ್ತದೆ.

ಮೂರನೆಯದು, ದಶಮಾಂಶ ಸ್ಥಾನಗಳನ್ನು ಕಡಿತಗೊಳಿಸುವುದು. ಲೆಕ್ಕಪತ್ರಗಳಲ್ಲಿ ಪೈಸೆಗಳನ್ನು ಬಿಟ್ಟಂತೆ ಇಲ್ಲಿ ಬಿಡಲಾಗದು. ಮೂರು ಸ್ಥಾನಗಳಿಗೆ ನಿಲ್ಲಿಸಿದರೆ ಕೊನೆಯ ಅಂಕಿಯ ಒಂದು ಮಾನವು ಭೂಮಿಯ ಮೇಲೆ ಸುಮಾರು 110 ಮೀಟರ್. ನಾಲ್ಕು ಸ್ಥಾನಗಳಿಗೆ ಸುಮಾರು 11 ಮೀಟರ್. ಸಣ್ಣ ಹಿಡುವಳಿಗೆ ಆರು ಸ್ಥಾನಗಳನ್ನು ಉಳಿಸಿಕೊಳ್ಳುವುದು ಕ್ಷೇಮ.

ತಾಳೆ ನೋಡುವ ಕ್ರಮ

ಗೂಗಲ್ ಅರ್ತ್ ಪ್ರೊ ಆವೃತ್ತಿಯು 2015ರಿಂದ ಉಚಿತವಾಗಿ ದೊರೆಯುತ್ತಿದೆ. ಅದರಲ್ಲಿ ಕಡತವನ್ನು ತೆರೆದು, ಗಡಿಯ ಹೆಸರಿನ ಮೇಲೆ ಮೌಸಿನ ಬಲ ಗುಂಡಿಯನ್ನು ಒತ್ತಿ 'ಪ್ರಾಪರ್ಟೀಸ್' ಆರಿಸಿ. ಅಲ್ಲಿಯ 'ಮೆಷರ್‌ಮೆಂಟ್ಸ್' ವಿಭಾಗದಲ್ಲಿ ಸುತ್ತಳತೆ ಹಾಗೂ ವಿಸ್ತೀರ್ಣ ದೊರೆಯುತ್ತವೆ. ಎಕರೆ ಮಾನದಲ್ಲಿ ಬಂದ ಉತ್ತರವನ್ನು ಗುಂಟೆಗೆ ತರುವಾಗ ಜಾಗ್ರತೆ ಇರಲಿ: 40 ಗುಂಟೆಗೆ ಒಂದು ಎಕರೆಯಾದುದರಿಂದ 3 ಎಕರೆ 20 ಗುಂಟೆಯು 3.50 ಎಕರೆಯೇ ಹೊರತು 3.20 ಎಕರೆಯಲ್ಲ. ಈ ಅಂಕಿಯನ್ನು ಪಹಣಿ ಮತ್ತು ಸರ್ವೆ ನಕ್ಷೆಯೊಂದಿಗೆ ತಾಳೆ ನೋಡಿ. ಬಳಿಕ ರಸ್ತೆ, ಹಳ್ಳ, ಕೆರೆಯಂಗಳ, ನೆರೆಯವರ ಬದು ಗಡಿಯೊಳಗೆ ಸೇರಿವೆಯೇ ಎಂದು ಪರಿಶೀಲಿಸಿ. ರಾಜ್ಯದ ದೂರ ಸಂವೇದಿ ಅನ್ವಯಿಕ ಕೇಂದ್ರವು ರೂಪಿಸಿದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರನ್ನು ನೋಡಿ ಮತ್ತೊಮ್ಮೆ ಖಾತರಿಪಡಿಸಿಕೊಳ್ಳಬಹುದು.

ಆದರೆ ಒಂದು ಮಾತು ನೆನಪಿರಲಿ. ಉಪಗ್ರಹ ಚಿತ್ರವೇ ಕೆಲವು ಮೀಟರುಗಳಷ್ಟು ಅತ್ತಿತ್ತ ಇರುವ ಸಂಭವವುಂಟು. ಪರದೆಯ ಮೇಲೆ ಎಳೆದ ಗೆರೆಯು ಹಕ್ಕುಪತ್ರವಾಗದು. ಗಡಿಯ ಬಗ್ಗೆ ಸಂದೇಹವಿದ್ದಲ್ಲಿ ಭೂಮಾಪಕರಿಂದ ಅಳತೆ ಮಾಡಿಸಿ, ಅವರು ನೀಡಿದ ಮೂಲೆಗಳ ಅಂಕಿಗಳಿಂದಲೇ ಕಡತವನ್ನು ಸಿದ್ಧಪಡಿಸತಕ್ಕದ್ದು.

ವರ್ತಕರಿಗೊಂದು ಸೂಚನೆ

ಸರಕು ಮಾರುವವರಿಗೂ ಈ ಕಡತದಿಂದ ಪ್ರಯೋಜನವಿದೆ. ಅಂಗಡಿಗಳ ಹೆಸರು, ಅಕ್ಷಾಂಶ, ರೇಖಾಂಶಗಳ ಪಟ್ಟಿಯನ್ನು ಸಿಎಸ್‌ವಿ ರೂಪದಲ್ಲಿ ಉಳಿಸಿ ಇದೇ ತಂತ್ರಾಂಶಕ್ಕೆ ಸೇರಿಸಿದರೆ, ಸರಬರಾಜಿನ ಮಾರ್ಗವನ್ನು ಗೊತ್ತುಪಡಿಸುವುದು ಸುಲಭ. ಆದರೆ ಆ ಪಟ್ಟಿಯಲ್ಲಿ ಬಾಕಿ ಮೊತ್ತ, ದರ, ಸಾಲದ ಮಿತಿ ಮುಂತಾದವನ್ನು ಸೇರಿಸಿದ್ದಲ್ಲಿ ಅವೂ ಕಡತದೊಳಗೆ ಉಳಿಯುತ್ತವೆ. ಅದನ್ನು ವಾಹನದ ಗುತ್ತಿಗೆದಾರರಿಗೆ ಕಳುಹಿಸುವುದೆಂದರೆ ಖಾತೆ ಪುಸ್ತಕವನ್ನೇ ಅವರ ಕೈಗಿತ್ತಂತೆ.

ಕಡತವನ್ನು ಸಿದ್ಧಪಡಿಸುವವರು ಯಾರೇ ಇರಲಿ, ಅರ್ಜಿಯ ಮೇಲಿನ ಸಹಿ ಉದ್ಯಮಿಯದೇ. ತಪ್ಪಾದಲ್ಲಿ ನಷ್ಟವೂ ಆತನದೇ. ಬ್ಯಾಂಕಿನ ಪಾಸ್‌ಬುಕ್ಕನ್ನು ತಾಳೆ ನೋಡಲು ವಿನಿಯೋಗಿಸುವ ಅರ್ಧ ಗಂಟೆಯನ್ನು ಗಡಿಯ ಕಡತಕ್ಕೂ ಮೀಸಲಿಡುವುದು ಸದಸ್ಯರೆಲ್ಲರಿಗೂ ಹಿತಕರ.