ತರಗತಿಯಿಂದ ಸ್ಥಾವರಕ್ಕೆ: ಎಂಜಿನಿಯರ್ ರೂಪುಗೊಳ್ಳುವ ಬಗೆ

ವಡೋದರಾ ನಗರದ ಅಂಚಿನ ಕೊಯಾಲಿಯಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಗುಜರಾತ್ ತೈಲ ಸಂಸ್ಕರಣಾಗಾರವಿದೆ. 1963ರಲ್ಲಿ ಜವಾಹರಲಾಲ್ ನೆಹರೂ ಅಡಿಗಲ್ಲು ಹಾಕಿದ, ಸೋವಿಯತ್ ಒಕ್ಕೂಟದ ನೆರವಿನಿಂದ ನಿರ್ಮಾಣಗೊಂಡ ಈ ಸ್ಥಾವರ 1965ರಲ್ಲಿ ಉತ್ಪಾದನೆ ಆರಂಭಿಸಿತು. ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ತಂತ್ರಜ್ಞಾನ ಮತ್ತು ಎಂಜಿನಿಯರಿಂಗ್ ನಿಕಾಯವೂ ಇದೇ ನಗರದಲ್ಲಿದೆ. ಕಾರ್ಖಾನೆ ಮತ್ತು ಕಾಲೇಜು ಇಷ್ಟು ಸಮೀಪವಿರುವುದರಿಂದ, ತರಗತಿಯ ಹೊರಗಿನ ಅವಕಾಶಗಳು ಎಂಜಿನಿಯರಿಂಗ್ ಪದವೀಧರರ ವೃತ್ತಿಜೀವನವನ್ನು ಹೇಗೆ ರೂಪಿಸುತ್ತವೆ ಎಂಬುದನ್ನು ಪರಿಶೀಲಿಸಲು ಇದು ತಕ್ಕ ನೆಲೆ.

ಈ ನಂಟಿನ ಬೇರು ಸಂಸ್ಕರಣಾಗಾರಕ್ಕಿಂತಲೂ ಹಳೆಯದು. ಬರೋಡ ಸಂಸ್ಥಾನದ ಅರಸ ಮೂರನೆಯ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಬರೋಡದಲ್ಲಿ, ಅಂದರೆ ಇಂದಿನ ವಡೋದರಾದಲ್ಲಿ, ಸ್ಥಾಪಿಸಿದ ಕಲಾಭವನದ ಉದ್ದೇಶವೇ ಕೈಗಾರಿಕೆಗೆ ಬೇಕಾದ ವಿದ್ಯೆಯನ್ನು ಕಲಿಸುವುದಾಗಿತ್ತು. ಅದರ ಮೊದಲ ಪ್ರಾಂಶುಪಾಲರಾದ ರಸಾಯನಶಾಸ್ತ್ರಜ್ಞ ಟಿ. ಕೆ. ಗಜ್ಜರ್ ಅವರು ಬೋಧನೆಗಷ್ಟೇ ಸೀಮಿತರಾಗದೆ, 1907ರಲ್ಲಿ ಆರಂಭವಾದ ಅಲೆಂಬಿಕ್ ಎಂಬ ಔಷಧ ಕಂಪನಿಯ ಸ್ಥಾಪಕರ ಸಾಲಿನಲ್ಲೂ ನಿಂತರು. 1949ರಲ್ಲಿ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಾಗ ಕಲಾಭವನ ಅದರ ಎಂಜಿನಿಯರಿಂಗ್ ನಿಕಾಯವಾಗಿ ಮುಂದುವರಿಯಿತು.

ಸ್ಥಾವರ ಕಲಿಸುವುದು ಯಾವುದನ್ನು ಎಂಬುದಕ್ಕೆ ಶಾಖ ವಿನಿಮಯಕ, ಅಂದರೆ ಬಿಸಿ ದ್ರವದ ಶಾಖವನ್ನು ಕೊಳವೆಯ ಗೋಡೆಯ ಮೂಲಕ ತಣ್ಣನೆಯ ದ್ರವಕ್ಕೆ ದಾಟಿಸುವ ಉಪಕರಣ, ಒಳ್ಳೆಯ ನಿದರ್ಶನ. ಕಚ್ಚಾ ತೈಲದಿಂದ ಕೊಳವೆಗಳಿಗೆ ಅಂಟುವ ಮಡ್ಡಿಯ ಪರಿಣಾಮ ಪಠ್ಯಪುಸ್ತಕದ ಲೆಕ್ಕದಲ್ಲಿ ಒಂದು ಗುಣಾಂಕವಾಗಿ ಬರುತ್ತದೆ. ಸ್ಥಾವರದಲ್ಲಾದರೋ ಅದೇ ಮಡ್ಡಿ ಶಾಖದ ದಾಟುವಿಕೆಗೆ ಅಡ್ಡಿಯಾಗಿ, ಮುಂದೆ ಕಚ್ಚಾ ತೈಲವನ್ನು ಕಾಯಿಸುವ ಕುಲುಮೆಯ ಇಂಧನ ಖರ್ಚನ್ನು ದಿನದಿಂದ ದಿನಕ್ಕೆ ಏರಿಸುತ್ತಾ, ಉಪಕರಣವನ್ನು ಯಾವಾಗ ನಿಲ್ಲಿಸಿ ಶುಚಿಗೊಳಿಸಬೇಕೆಂಬ ತೀರ್ಮಾನವನ್ನು ಒತ್ತಾಯಿಸುತ್ತದೆ. ಆ ತೀರ್ಮಾನಕ್ಕೆ ಉತ್ಪಾದನೆ, ನಿರ್ವಹಣೆ ಮತ್ತು ಸುರಕ್ಷತಾ ವಿಭಾಗಗಳು ಒಪ್ಪಬೇಕು. ಬೆಂಕಿಯ ಕಿಡಿ ಹಾರಬಹುದಾದ ಕೆಲಸಕ್ಕೆ ವರ್ಕ್ ಪರ್ಮಿಟ್, ಅಂದರೆ ಜಾಗದಲ್ಲಿ ಹೊತ್ತಿಕೊಳ್ಳಬಲ್ಲ ಅನಿಲವಿಲ್ಲವೆಂದು ಪರೀಕ್ಷಿಸಿದ ಮೇಲೆ ನೀಡುವ ಲಿಖಿತ ಅನುಮತಿ, ಸಿಗಬೇಕು. ಸೂತ್ರ ಬಲ್ಲ ವಿದ್ಯಾರ್ಥಿ ಹೊಣೆ ಬಲ್ಲ ಎಂಜಿನಿಯರ್ ಆಗುವುದು ಈ ಹಂತದಲ್ಲಿ.

ಇಂಥ ಅನುಭವ ಅದೃಷ್ಟದ ಮಾತಾಗದಂತೆ ನೋಡಿಕೊಳ್ಳಲು ವ್ಯವಸ್ಥೆಗಳು ಬೇಕು. ಶಿಶಿಕ್ಷು ತರಬೇತಿಗೆ, ಅಂದರೆ ಭತ್ಯೆ ಪಡೆದು ಕೆಲಸದಲ್ಲೇ ಕಲಿಯುವ ಅಪ್ರೆಂಟಿಸ್ ಪದ್ಧತಿಗೆ, ಸಂಬಂಧಿಸಿದ 1961ರ ಕಾಯ್ದೆಯ ವ್ಯಾಪ್ತಿಗೆ 1973ರ ತಿದ್ದುಪಡಿ ಎಂಜಿನಿಯರಿಂಗ್ ಪದವೀಧರರನ್ನೂ ತಂದಿತು. ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಯೋಜನೆಗಳಿಗೆ ನೆರವು ನೀಡುತ್ತಾ ಬಂದಿದೆ. ಇದೇ ರಾಜ್ಯದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನಾಲ್ಕು ವರ್ಷ ಓದುವ ವಿದ್ಯಾರ್ಥಿಗಳಿಗೆ, ತರಗತಿಯ ಹೊರಗಿನ ಕೆಲಸಕ್ಕೆ ಸಿಗುವ 100 ಚಟುವಟಿಕೆ ಅಂಕಗಳನ್ನು ಕಡ್ಡಾಯಗೊಳಿಸಿದೆ. ಆದರೆ ಕಡ್ಡಾಯವೆಂಬುದು ಎರಡಲಗಿನ ಕತ್ತಿ: ಅಂಕ ಮುಖ್ಯವಾದಲ್ಲಿ ಪ್ರಮಾಣಪತ್ರಗಳು ಗುಡ್ಡೆಬೀಳುತ್ತವೆ, ಕಲಿಕೆ ಹಿಂದೆ ಬೀಳುತ್ತದೆ. ಬಸ್ಸಿನಲ್ಲಿ ಹೋಗಿ ಗೇಟಿನೊಳಗೆ ಒಂದು ಸುತ್ತು ಹಾಕಿ ಬರುವ ಕೈಗಾರಿಕಾ ಭೇಟಿಯನ್ನು, ವಾರಗಟ್ಟಲೆ ಒಂದೇ ಸಮಸ್ಯೆಯ ಬೆನ್ನುಹತ್ತುವ ತರಬೇತಿಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಅವಕಾಶ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಪರಿಚಯಸ್ಥರಿರುವ ಮನೆಯ ವಿದ್ಯಾರ್ಥಿಗೆ ಒಂದು ಫೋನ್ ಕರೆಯಲ್ಲಿ ದೊರೆಯುವ ಇಂಟರ್ನ್‌ಶಿಪ್, ಸಣ್ಣ ಊರಿನ ಕಾಲೇಜಿನವರಿಗೆ ಬಾಡಿಗೆ, ಊಟ ಮತ್ತು ಪ್ರಯಾಣದ ಖರ್ಚಿನಿಂದಲೇ ಕೈತಪ್ಪಬಹುದು. ಆದ್ದರಿಂದ ಸ್ಥಳ ಹುಡುಕುವ ಹೊಣೆಯನ್ನು ವಿದ್ಯಾರ್ಥಿಯ ಹೆಗಲಿಗೆ ಹೊರಿಸದೆ ವಿಶ್ವವಿದ್ಯಾಲಯವೇ ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಳ್ಳಬೇಕು, ಭತ್ಯೆ ನಿಗದಿಪಡಿಸಬೇಕು, ಅಧ್ಯಾಪಕರೊಬ್ಬರನ್ನೂ ಸ್ಥಾವರದ ಎಂಜಿನಿಯರ್ ಒಬ್ಬರನ್ನೂ ಜಂಟಿ ಮಾರ್ಗದರ್ಶಕರನ್ನಾಗಿ ನೇಮಿಸಬೇಕು. ಮೌಲ್ಯಮಾಪನವೂ ಹಾಜರಾತಿಯ ಮೇಲಲ್ಲ, ವಿದ್ಯಾರ್ಥಿ ಯಾವ ಸಮಸ್ಯೆಯನ್ನು ಕೈಗೆತ್ತಿಕೊಂಡರು, ಯಾರೊಡನೆ ಸೇರಿ ಬಗೆಹರಿಸಿದರು, ತಮ್ಮ ತೀರ್ಮಾನವನ್ನು ಹೇಗೆ ಸಮರ್ಥಿಸಿದರು ಎಂಬುದರ ಮೇಲೆ ನಡೆಯಬೇಕು.