ಮುನ್ನೂರಕ್ಕೆ ಹಚ್ಚಿದ ಎಣ್ಣೆ

1982ರ ಜುಲೈ 1ರ ರಾತ್ರಿ. ಕ್ಯಾಲಿಫೋರ್ನಿಯಾದ ಲಾ ಹಾಬ್ರಾ ಎಂಬ ಊರಿನ ಬೌಲಿಂಗ್ ಕೇಂದ್ರದಲ್ಲಿ ವಾರದ ಲೀಗ್ ಆಟ ನಡೆದಿತ್ತು. 52 ವರ್ಷದ ಗ್ಲೆನ್ ಆಲಿಸನ್ ಎಸೆದ ಚೆಂಡುಗಳು ಪ್ರತಿ ಸಲವೂ ಹತ್ತಕ್ಕೆ ಹತ್ತು ಪಿನ್ನುಗಳನ್ನು ಮಲಗಿಸುತ್ತ ಹೋದವು. ಮೊದಲ ಆಟದಲ್ಲಿ 300. ಎರಡನೆಯದರಲ್ಲಿ 300. ಮೂರನೆಯದರಲ್ಲೂ 300. ಸತತ 36 ಸ್ಟ್ರೈಕ್, ಒಟ್ಟು 900. ಅದರ ಮೇಲೆ ಒಂದಂಕ ಸೇರಿಸಲೂ ಆಟದಲ್ಲಿ ಜಾಗವಿಲ್ಲ.

ಆಮೇಲೆ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್‌ನವರು ಬಂದು ನೆಲ ಪರೀಕ್ಷಿಸಿದರು. ನೆಲಕ್ಕೆ ಎಣ್ಣೆ ಹರಡಿದ ರೀತಿ ನಿಯಮಕ್ಕೆ ತಕ್ಕಂತಿಲ್ಲ ಎಂದು ಷರಾ ಬರೆದು, 900ಕ್ಕೆ ಮಾನ್ಯತೆ ಇಲ್ಲ ಎಂದುಬಿಟ್ಟರು. ಆಲಿಸನ್ ವರ್ಷಗಟ್ಟಲೆ ಕೇಳಿಕೊಂಡರೂ ತೀರ್ಪು ಬದಲಾಗಲಿಲ್ಲ. ಮಾನ್ಯತೆ ಪಡೆದ ಮೊದಲ 900 ಬಂದದ್ದು 1997ರ ಫೆಬ್ರುವರಿಯಲ್ಲಿ, ನೆಬ್ರಾಸ್ಕಾದ ಲಿಂಕನ್ ನಗರದಲ್ಲಿ. ಎಸೆದವನು ಜೆರೆಮಿ ಸೋನೆನ್‌ಫೆಲ್ಡ್ ಎಂಬ ಕಾಲೇಜು ಹುಡುಗ.

ಎಸೆದದ್ದು ಮನುಷ್ಯ, ಬಿದ್ದದ್ದು ಪಿನ್ನು. ನಡುವೆ ಎಣ್ಣೆಗೇನು ಕೆಲಸ? ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಸ್ವಾರಸ್ಯ ಎನಿಸಿದ್ದು ಈ ಪ್ರಶ್ನೆಯೇ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲೋ ಯಾವುದಾದರೂ ಮಾಲ್‌ನಲ್ಲೋ ಮಕ್ಕಳ ಹುಟ್ಟುಹಬ್ಬದ ನೆಪದಲ್ಲಿ ಬೌಲಿಂಗ್ ಆಡಿದವರಿಗೆ ಆಟದ ಹೊರನೋಟ ಗೊತ್ತಿರುತ್ತದೆ: ಬಾಡಿಗೆ ಶೂ, ಮೂರು ತೂತಿನ ಚೆಂಡು, ಅದು ಪಕ್ಕದ ಕಾಲುವೆಗೆ ಇಳಿದು ಗುಡುಗುಡು ಎನ್ನುತ್ತ ಹೋಗುವಾಗ ಆಗುವ ಅವಮಾನ. ಕೊನೆಯದರ ಪರಿಚಯ ನನಗೆ ಚೆನ್ನಾಗಿಯೇ ಇದೆ. ಆಟಕ್ಕೆ ಹತ್ತು ಫ್ರೇಮ್. ಮೊದಲ ಎಸೆತಕ್ಕೇ ಹತ್ತೂ ಬಿದ್ದರೆ ಸ್ಟ್ರೈಕ್. ಆ ಫ್ರೇಮಿಗೆ ಹತ್ತಂಕದ ಜೊತೆ ಮುಂದಿನ ಎರಡು ಎಸೆತಗಳ ಅಂಕವೂ ಸೇರುತ್ತದೆ. ಹತ್ತನೇ ಫ್ರೇಮಿನಲ್ಲಿ ಸ್ಟ್ರೈಕ್ ಬಿದ್ದರೆ ಈ ಬಾಕಿ ತೀರಿಸಲು ಇನ್ನೆರಡು ಎಸೆತ ಸಿಗುತ್ತವೆ. ಹೀಗೆ ಹನ್ನೆರಡು ಎಸೆತಕ್ಕೆ ಹನ್ನೆರಡು ಸ್ಟ್ರೈಕ್ ಬಿದ್ದರೆ ಫ್ರೇಮಿಗೆ 30ರಂತೆ 300. ಅದೇ ಪರಿಪೂರ್ಣ ಆಟ.

ಒಂದು ಸ್ಟ್ರೈಕನ್ನು ಹತ್ತಿರದಿಂದ ನೋಡೋಣ. ಎಸೆಯುವ ಗೆರೆಯಿಂದ ಮೊದಲ ಪಿನ್ನಿಗೆ 60 ಅಡಿ. ಲೇನ್‌ನ ಅಗಲ ಮೂರೂವರೆ ಅಡಿಗೆ ಒಂಚೂರು ಕಡಿಮೆ. ಉದ್ದುದ್ದ ಜೋಡಿಸಿದ 39 ಪಟ್ಟಿಗಳು. ಚೆಂಡಿನ ತೂಕ ಹೆಚ್ಚೆಂದರೆ 16 ಪೌಂಡ್, ಅಂದರೆ ಏಳೂಕಾಲು ಕಿಲೋ. ಪಿನ್ 15 ಅಂಗುಲ ಎತ್ತರ, ಒಂದೂವರೆ ಕಿಲೋ ಮೇಲೆ ತೂಕ. ಇಂಥ ಹತ್ತು ಪಿನ್ನುಗಳು ಒಂದೊಂದು ಅಡಿ ಅಂತರದಲ್ಲಿ ತ್ರಿಕೋನವಾಗಿ ನಿಂತಿವೆ. ಚೆಂಡು ಹತ್ತನ್ನೂ ಹೊಡೆಯುತ್ತದೆ ಎಂದುಕೊಂಡಿದ್ದರೆ ತಪ್ಪು. ಬಲಗೈ ಆಟಗಾರನ ಒಳ್ಳೆಯ ಸ್ಟ್ರೈಕಿನಲ್ಲಿ ಚೆಂಡು ಮುಟ್ಟುವುದು ನಾಲ್ಕೇ ಪಿನ್ನುಗಳನ್ನು: ಮುಂದಿನ ಸಾಲಿನಿಂದ, ಎಡದಿಂದ ಬಲಕ್ಕೆ ಎಣಿಸಿದರೆ 1, 3, 5, 9. ಮಿಕ್ಕ ಆರನ್ನು ಬೀಳಿಸುವುದು ಪಿನ್ನುಗಳೇ. ಒಂದನೆಯದು ಎರಡನ್ನು ತಳ್ಳುತ್ತದೆ, ಎರಡು ನಾಲ್ಕನ್ನು, ನಾಲ್ಕು ಹೋಗಿ ಎಡಮೂಲೆಯ ಏಳನ್ನು. ಈ ಕಡೆ ಮೂರು ಆರನ್ನು, ಆರು ಬಲಮೂಲೆಯ ಹತ್ತನ್ನು. ನಡುವೆ ಐದು ಹಿಂದಿನ ಎಂಟನ್ನು ಕೆಡವುತ್ತದೆ. ಊಟದ ಪಂಕ್ತಿಯಲ್ಲಿ ಎಲೆ ಮುಂದಕ್ಕೆ ದಾಟಿಸಿದ ಹಾಗೆ. ನಡುವೆ ಒಬ್ಬರ ಕೈ ತಪ್ಪಿದರೂ ಕೊನೆಯವರಿಗೆ ಎಲೆ ಇಲ್ಲ.

ಈ ಸರಪಣಿ ಸರಿಯಾಗಿ ಕೂಡಬೇಕಾದರೆ ಚೆಂಡು ಒಂದು ಮತ್ತು ಮೂರನೇ ಪಿನ್ನಿನ ನಡುವಿನ ಸಂದಿಗೆ, ಸುಮಾರು ಆರು ಡಿಗ್ರಿ ಓರೆಯಲ್ಲಿ ನುಗ್ಗಬೇಕು. ಬೌಲರುಗಳು ಆ ಸಂದಿಯನ್ನು ಪಾಕೆಟ್ ಎನ್ನುತ್ತಾರೆ. ಓರೆ ಕಡಿಮೆಯಾದರೆ ಮೊದಲ ಪಿನ್ನಿನ ಪೆಟ್ಟಿಗೆ ಚೆಂಡೇ ಪಕ್ಕಕ್ಕೆ ಸರಿದು, ಐದನೆಯದನ್ನು ತಲುಪುವ ಮೊದಲೇ ದಿಕ್ಕು ತಪ್ಪುತ್ತದೆ. ತೊಂದರೆ ಏನೆಂದರೆ, 60 ಅಡಿ ಉದ್ದದ ಇಕ್ಕಟ್ಟು ಓಣಿಯಲ್ಲಿ ಅಂಚಿಗೆ ನಿಂತು ನೇರವಾಗಿ ಎಸೆದರೂ ಒಂದೂವರೆ ಡಿಗ್ರಿಗಿಂತ ಹೆಚ್ಚು ಓರೆ ಸಿಗುವುದಿಲ್ಲ. ಬೇಕಿದ್ದರೆ ಹಾಳೆಯ ಮೇಲೆ ಗೆರೆ ಎಳೆದು ನೋಡಿ. ಆರು ಡಿಗ್ರಿ ಬೇಕೆಂದರೆ ಚೆಂಡು ಕೊನೆಯಲ್ಲಿ ತಿರುಗಲೇಬೇಕು. ತಿರುಗಲು ನೆಲದ ಹಿಡಿತ ಬೇಕು. ಆದರೆ ಮೊದಲಿನಿಂದಲೇ ನೆಲ ಹಿಡಿದುಕೊಂಡರೆ ತಿರುವು ದಾರಿಯಲ್ಲೇ ಖರ್ಚಾಗಿಹೋಗುತ್ತದೆ.

ಎಣ್ಣೆ ಬರುವುದು ಇಲ್ಲಿ. ಲೇನ್‌ನ ಮುಂದಿನ 40 ಅಡಿಯಷ್ಟಕ್ಕೆ ತೆಳುವಾಗಿ ಖನಿಜ ಎಣ್ಣೆ ಸವರಿರುತ್ತಾರೆ. ಕೊನೆಯ 20 ಅಡಿ ಒಣಗಿದ್ದು. ಮರದ ನೆಲ ಸವೆಯದಿರಲಿ ಎಂದು ಶುರುವಾದ ಉಪಚಾರ ಇದು. ಇಡೀ ಲೇನ್‌ಗೆ ಬೇಕಾಗುವುದು 20-30 ಮಿಲಿಲೀಟರ್. ನಮ್ಮ ಮನೆಯ ಒಂದು ಒಗ್ಗರಣೆಗೆ ಸರಿಹೋಗುವಷ್ಟು. ಎಣ್ಣೆಯ ಮೇಲೆ ಚೆಂಡು ತನ್ನಷ್ಟಕ್ಕೆ ಗಿರಗಿರ ತಿರುಗುತ್ತಲೇ ಜಾರುತ್ತದೆ. ಒಣ ನೆಲ ಬಂದದ್ದೇ ತಡ, ಆ ತಿರುಗು ನೆಲಕ್ಕೆ ಕಚ್ಚಿಕೊಂಡು ಚೆಂಡು ಪಾಕೆಟ್ ಕಡೆಗೆ ಬಾಗುತ್ತದೆ.

ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಕೇರಂ ಬೋರ್ಡ್ ಸಾಕು. ಬೋರಿಕ್ ಪೌಡರ್ ಉದುರಿಸದ ಬೋರ್ಡಿನಲ್ಲಿ ಸ್ಟ್ರೈಕರ್ ಹೇಗೆ ಮುಷ್ಕರ ಹೂಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಈಗ ಯಾರೋ ಜಾಣ ಪೌಡರನ್ನು ಎಲ್ಲೆಡೆ ಸಮನಾಗಿ ಉದುರಿಸದೆ, ದಾರಿ ತಪ್ಪಿದ ಕಾಯಿಯೂ ಜೇಬಿನ ಕಡೆಗೇ ಹೋಗುವ ಹಾಗೆ ಉದುರಿಸಿದ ಎಂದುಕೊಳ್ಳಿ. ಅಮೆರಿಕದ ಮಾಮೂಲಿ ಬೌಲಿಂಗ್ ಕೇಂದ್ರಗಳಲ್ಲಿ ನಡೆಯುವುದು ಬಹುಮಟ್ಟಿಗೆ ಇದೇ. ನಡುವೆ ಎಣ್ಣೆ ದಪ್ಪ, ಅಂಚುಗಳಲ್ಲಿ ತೆಳು. ಹತ್ತು ಪಟ್ಟಿನ ಆಸುಪಾಸು ವ್ಯತ್ಯಾಸ. ಬಲಗೈಯವನ ಚೆಂಡು ಗುರಿ ತಪ್ಪಿ ಅಂಚಿನತ್ತ ಹೋದರೆ ಒಣ ನೆಲ ಸಿಕ್ಕಿ ಹೆಚ್ಚು ಬಾಗಿ ಪಾಕೆಟ್‌ಗೆ ವಾಪಸು ಬರುತ್ತದೆ. ನಡುವಿಗೆ ಸರಿದರೆ ಎಣ್ಣೆ ಹೆಚ್ಚಾಗಿ ಕಡಿಮೆ ಬಾಗಿ, ಆಗಲೂ ಪಾಕೆಟ್‌ಗೇ ಬರುತ್ತದೆ. ಕಣ್ಣಿಗೆ ಕಾಣದ ಕೊಳವೆ ಇದು. ಇದಕ್ಕೆ ಹೌಸ್ ಶಾಟ್ ಎಂದು ಹೆಸರು. ಕಠಿಣ ಪಂದ್ಯಗಳಲ್ಲಿ ಈ ವ್ಯತ್ಯಾಸ ಮೂರು-ನಾಲ್ಕು ಪಟ್ಟು ದಾಟದ ಹಾಗೆ ಹಚ್ಚುತ್ತಾರೆ; ಅಲ್ಲಿಗೆ ಹೋದ ಲೀಗ್ ಶೂರರ ಸ್ಕೋರು ಸರ್‍ರನೆ ಇಳಿಯುತ್ತದೆ.

ಈ ಸಹಾಯ ಸಣ್ಣದು ಎನಿಸಬಹುದು. ಹನ್ನೆರಡು ಸಲ ಗುಣಿಸಿ ನೋಡಿ. ಒಬ್ಬ ಆಟಗಾರ ನೂರಕ್ಕೆ 30 ಸಲ ಸ್ಟ್ರೈಕ್ ಹೊಡೆಯಬಲ್ಲ ಎನ್ನಿ. ಸತತ ಹನ್ನೆರಡು ಬೀಳುವ ಸಾಧ್ಯತೆ ಸುಮಾರು 19 ಲಕ್ಷ ಆಟಕ್ಕೆ ಒಂದು. ನೂರಕ್ಕೆ 40 ಆದರೆ ಸುಮಾರು 60 ಸಾವಿರಕ್ಕೆ ಒಂದು. 50ಕ್ಕೆ ಏರಿದರೆ 4096ಕ್ಕೆ ಒಂದು, 60ಕ್ಕೆ ಏರಿದರೆ 459ಕ್ಕೆ ಒಂದು. ಸ್ಟ್ರೈಕಿನ ಪ್ರಮಾಣ 30ರಿಂದ 60ಕ್ಕೆ, ಬರೀ ಎರಡು ಪಟ್ಟಾಯಿತು. 300ರ ಸಾಧ್ಯತೆ ಏರಿದ್ದು 4096 ಪಟ್ಟು. ಚದುರಂಗದ ಮನೆಗಳಲ್ಲಿ ಅಕ್ಕಿ ಕಾಳು ದುಪ್ಪಟ್ಟು ಮಾಡುತ್ತ ಹೋಗಿ ರಾಜ ದಿವಾಳಿಯಾದ ಹಳೇ ಕತೆಯ ಲೆಕ್ಕವೇ ಇಲ್ಲಿಯೂ ಕೂತಿದೆ.

ಅದನ್ನೇ ಲೀಗಿನ ಬದುಕಿಗೆ ಹಚ್ಚಿ ನೋಡೋಣ. ಲೀಗ್ ಎಂದರೆ ಅಂಚೆಯವರು, ಮೆಕ್ಯಾನಿಕ್‌ಗಳು, ಮೇಷ್ಟ್ರುಗಳು ತಂಡ ಕಟ್ಟಿಕೊಂಡು ವಾರಕ್ಕೊಂದು ರಾತ್ರಿ ಸೇರಿ ಮೂರು ಆಟ ಆಡುವುದು. ಋತುವಿಗೆ 32 ವಾರ ಹಿಡಿದರೆ 96 ಆಟ. ನೂರಕ್ಕೆ 40 ಸ್ಟ್ರೈಕ್ ಹೊಡೆಯುವವನು ಒಂದು 300ಕ್ಕಾಗಿ ಸರಾಸರಿ 620 ವರ್ಷ ಕಾಯಬೇಕು. 50 ಹೊಡೆಯುವವನು 43 ವರ್ಷ. ಹೆಚ್ಚೂಕಡಿಮೆ ಒಂದು ಸರ್ವೀಸು. 60 ಹೊಡೆಯುವವನಿಗೆ ಐದು ವರ್ಷ ಸಾಕು. ಒಬ್ಬನಿಗೆ ಏಳು ಜನ್ಮದ ಕನಸು, ಪಕ್ಕದ ಲೇನ್‌ನವನಿಗೆ ಐದು ವರ್ಷಕ್ಕೊಮ್ಮೆ ಬರುವ ಚುನಾವಣೆ. ಇಬ್ಬರ ಕೈಯ ನಡುವಿನ ಅಂತರ ಐದು ಎಸೆತಕ್ಕೆ ಒಂದು ಸ್ಟ್ರೈಕ್ ಅಷ್ಟೇ.

ಹಾಗಾದರೆ 300 ಎಷ್ಟು ಅಪರೂಪ? ಯಾವ ಕಾಲದಲ್ಲಿ ಎಂದು ಕೇಳಬೇಕು. ಅಮೆರಿಕದ ಬೌಲಿಂಗ್ ಸಂಸ್ಥೆಯ ಲೆಕ್ಕದ ಪ್ರಕಾರ 1900ರಿಂದ 1980ರವರೆಗೆ ಋತುವೊಂದಕ್ಕೆ ಸರಾಸರಿ 3150 ಸದಸ್ಯರಿಗೆ ಒಂದು 300 ಬೀಳುತ್ತಿತ್ತು. 2007ರ ಹೊತ್ತಿಗೆ ಅದು 27 ಮಂದಿಗೆ ಒಂದಾಯಿತು. 1968-69ರ ಋತುವಿನಲ್ಲಿ ಇಡೀ ದೇಶದಲ್ಲಿ ಮಾನ್ಯವಾದ 300ಗಳು ಬರೀ 900ರ ಆಸುಪಾಸು. ಮೂವತ್ತು ವರ್ಷದ ನಂತರ 34 ಸಾವಿರ ದಾಟಿದ್ದವು. ಅದೂ ಲೀಗುಗಳು ಖಾಲಿಯಾಗುತ್ತಿದ್ದ ಕಾಲದಲ್ಲಿ. ಒಂದು ಕಾಲಕ್ಕೆ 90 ಲಕ್ಷ ದಾಟಿದ್ದ ಸದಸ್ಯರ ಸಂಖ್ಯೆ ಈಗ 20 ಲಕ್ಷಕ್ಕಿಂತ ಕೆಳಗಿದೆ. ಸಮಾಜವಿಜ್ಞಾನಿ ರಾಬರ್ಟ್ ಪುಟ್ನಂ ಅಮೆರಿಕನ್ನರ ಒಂಟಿತನದ ಬಗ್ಗೆ 2000ದಲ್ಲಿ ಬರೆದ ಪುಸ್ತಕಕ್ಕೆ ‘ಬೌಲಿಂಗ್ ಅಲೋನ್’ ಎಂದೇ ಹೆಸರಿಟ್ಟರು. ಜನ ಕರಗಿದರು, ಮುನ್ನೂರುಗಳು ಮಾತ್ರ ಹುಲುಸಾಗಿ ಬೆಳೆದವು.

ಮನುಷ್ಯನ ತೋಳು ಮೂವತ್ತು ವರ್ಷದಲ್ಲಿ ಅಷ್ಟೊಂದು ಸುಧಾರಿಸಲು ಸಾಧ್ಯವಿಲ್ಲ. ಎಣ್ಣೆಯ ಜೊತೆಗೆ ಚೆಂಡೂ ಬದಲಾಯಿತು. ಮೊದಲು ಮರ, ಆಮೇಲೆ ಗಟ್ಟಿ ರಬ್ಬರು, ಆಮೇಲೆ ಪಾಲಿಯೆಸ್ಟರ್. 1973ರಲ್ಲಿ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ಒಂದು ಉಪಾಯ ಮಾಡಿದರು. ಪ್ಲಾಸ್ಟಿಕ್ ಚೆಂಡನ್ನು ಮೀಥೈಲ್ ಈಥೈಲ್ ಕೀಟೋನ್ ಎಂಬ ದ್ರಾವಕದಲ್ಲಿ ನೆನೆಹಾಕಿದರು, ರಾತ್ರಿ ಉದ್ದಿನಬೇಳೆ ನೆನೆಹಾಕಿದ ಹಾಗೆ. ಮೇಲ್ಮೈ ಮೆತ್ತಗಾಗಿ ನೆಲಕ್ಕೆ ಕಚ್ಚತೊಡಗಿತು. ಆ ವರ್ಷ ಅವರು ಆರು ಪ್ರಶಸ್ತಿ ಗೆದ್ದರು. ಚೆಂಡು ಇಷ್ಟಾದರೂ ಗಟ್ಟಿ ಇರಬೇಕು ಎಂಬ ನಿಯಮ ಆಮೇಲೆ ಬಂತು. ನಿಯಮ ಬಂದರೇನು, 1990ರ ದಶಕದ ಶುರುವಿನಲ್ಲಿ ಇನ್ನೊಂದು ಬಗೆಯ ಚೆಂಡು ಬಂತು: ರಿಯಾಕ್ಟಿವ್ ರೆಸಿನ್. ಇದರ ಹೊರಮೈಯಲ್ಲಿ ಬರಿಗಣ್ಣಿಗೆ ಕಾಣದ ರಂಧ್ರಗಳು. ಅವು ಎಣ್ಣೆ ಕುಡಿಯುತ್ತವೆ, ಒಣ ನೆಲ ಸಿಕ್ಕ ಕೂಡಲೇ ಚೆಂಡು ಉಗುರೂರಿದಂತೆ ತಿರುಗುತ್ತದೆ. ಪರಿಣತರಿಗೂ ಕಷ್ಟದ್ದಾಗಿದ್ದ ಆರು ಡಿಗ್ರಿಯ ಓರೆ ಅಂಗಡಿಯಲ್ಲಿ ಕೊಳ್ಳಲು ಸಿಗುವಂತಾಯಿತು. ಎಣ್ಣೆ ಇಷ್ಟು ಬೇಗ ಹೀರಬಾರದು ಎಂದು ಹೊಸ ಚೆಂಡುಗಳಿಗೆ ಮಿತಿ ಹಾಕಿದ್ದು 2020ರಲ್ಲಿ.

ಪಿನ್ ನಿಲ್ಲಿಸುವ ಯಂತ್ರದ ಪಾಲೂ ಇದೆ. ಹಿಂದೆ ಈ ಕೆಲಸಕ್ಕೆ ಹುಡುಗರಿದ್ದರು. ಲೇನ್‌ನ ತುದಿಯ ಗುಂಡಿಯಲ್ಲಿ ಕೂತು, ಹಾರಿ ಬರುವ ಪಿನ್ನುಗಳಿಂದ ಕಾಲು ಉಳಿಸಿಕೊಳ್ಳುತ್ತ ಕೈಯಲ್ಲೇ ಜೋಡಿಸುತ್ತಿದ್ದರು. ಫ್ರೆಡ್ ಶ್ಮಿಟ್ ಎಂಬ ಕುಶಲಿ ರೂಪಿಸಿದ ಸ್ವಯಂಚಾಲಿತ ಯಂತ್ರವನ್ನು ಎಎಂಎಫ್ ಕಂಪನಿ 1946ರಲ್ಲಿ ಬಫಲೋ ನಗರದಲ್ಲಿ ಪ್ರದರ್ಶಿಸಿತು. ಆಗ ಅದು ಪಿನ್ನುಗಳನ್ನು ಗಾಳಿ ಹೀರುವ ಬಟ್ಟಲುಗಳಿಂದ ಮೇಲೆತ್ತುತ್ತಿತ್ತು. ಯಂತ್ರ ಪ್ರತಿ ಸಲವೂ ಅದೇ ಜಾಗದಲ್ಲಿ ಪಿನ್ ಇಡುತ್ತದೆ, ಸುಸ್ತಾಗುವುದಿಲ್ಲ. ಈಗ ಖರ್ಚು ಉಳಿಸಲು ಪಿನ್ನುಗಳ ನೆತ್ತಿಗೆ ದಾರ ಕಟ್ಟಿ ಗೊಂಬೆಯಾಟದಂತೆ ಎತ್ತಿ ಇಳಿಸುವ ಯಂತ್ರಗಳು ಬರುತ್ತಿವೆ. ದಾರ ಹಿಡಿದೆಳೆಯುವುದರಿಂದ ಪಿನ್ ಅಡ್ಡಡ್ಡ ಹಾರಿ ಇನ್ನೊಂದನ್ನು ಕೆಡವುವುದು ಕಡಿಮೆ, ಸ್ಟ್ರೈಕುಗಳೂ ಕಡಿಮೆ. 2023ರಲ್ಲಿ ಇದಕ್ಕೆ ಪ್ರತ್ಯೇಕ ವರ್ಗವನ್ನೇ ಮಾಡಬೇಕಾಯಿತು.

ಮೇಲಿನ ಗುಣಾಕಾರದಲ್ಲಿ ಒಂದು ತಿರುಚು ಇದೆ. ಪ್ರತಿ ಎಸೆತವೂ ಹಿಂದಿನದರಿಂದ ಸ್ವತಂತ್ರ ಎಂದು ಅಲ್ಲಿ ಹಿಡಿದಿದ್ದೆವು. ನಿಜದಲ್ಲಿ ಹಾಗಿಲ್ಲ. ಒಂದೊಂದು ಚೆಂಡೂ ತಾನು ಹೋದ ದಾರಿಯ ಎಣ್ಣೆಯನ್ನು ಮೆತ್ತಿಕೊಂಡು ಹೋಗುವುದರಿಂದ ಹನ್ನೆರಡನೇ ಎಸೆತದ ಲೇನ್ ಮೊದಲನೆಯದರ ಲೇನ್ ಆಗಿ ಉಳಿದಿರುವುದಿಲ್ಲ. ಲೀಗಿನಲ್ಲಂತೂ ಫ್ರೇಮಿಗೊಮ್ಮೆ ಎಡ, ಬಲ ಎಂದು ಎರಡು ಲೇನ್‌ಗಳಲ್ಲಿ ಸರದಿಯಂತೆ ಆಡಬೇಕು. ಇನ್ನು ಮನುಷ್ಯ. ವೃತ್ತಿಪರರ ಅಂಕಿಅಂಶ ಜಾಲಾಡಿದ ಡಾರ್ಸಿ-ಪಾಲ್ಮಟೀರ್ ಮತ್ತು ಗ್ಯಾರಿ ಸ್ಮಿತ್, ಸಾಲು ಸ್ಟ್ರೈಕ್ ಹೊಡೆದವರು ಮುಂದಿನದನ್ನೂ ಹೊಡೆಯುವ ಸಾಧ್ಯತೆ ಹೆಚ್ಚು ಎಂದು 2004ರಲ್ಲಿ ತೋರಿಸಿದರು. 2012ರಲ್ಲಿ ಯಾರಿ ಮತ್ತು ಡೇವಿಡ್ ಇದಕ್ಕೆ ಬೇರೆ ಅರ್ಥ ಹೇಳಿದರು: ಒಂದು ಸ್ಟ್ರೈಕ್ ಇನ್ನೊಂದನ್ನು ಹುಟ್ಟಿಸುವುದಿಲ್ಲ, ಆಟಗಾರನಿಗೆ ಒಳ್ಳೆಯ ದಿನ, ಕೆಟ್ಟ ದಿನ ಎಂದಿರುತ್ತವೆ, ಒಳ್ಳೆಯ ದಿನ ಎಲ್ಲವೂ ಹೆಚ್ಚು. ಅಡುಗೆಯವರನ್ನು ಕೇಳಿದ್ದರೆ ಇದನ್ನು ಆಗಲೇ ಹೇಳುತ್ತಿದ್ದರು ಎನಿಸಿತು ನನಗೆ.

ಒಂಬತ್ತು, ಹತ್ತು ಸ್ಟ್ರೈಕ್ ಆಗುವ ಹೊತ್ತಿಗೆ ಲೀಗಿನಲ್ಲಿ ಒಂದು ಅಘೋಷಿತ ಮೌನ ಇಳಿಯುತ್ತದೆ. ಎಸೆಯುತ್ತಿರುವವನನ್ನು ಯಾರೂ ಮಾತಾಡಿಸುವುದಿಲ್ಲ. ಮುನ್ನೂರು ಎಂಬ ಪದವನ್ನು ಯಾರೂ ಉಚ್ಚರಿಸುವುದಿಲ್ಲ. ರಾತ್ರಿ ಹೊತ್ತು ಹಾವಿನ ಹೆಸರೆತ್ತದ ಹಾಗೆ. ಅಕ್ಕಪಕ್ಕದ ಲೇನ್‌ಗಳ ಆಟ ನಿಲ್ಲುತ್ತದೆ.

2010ರ ಜನವರಿಯಲ್ಲಿ ಟೆಕ್ಸಾಸ್‌ನ ಪ್ಲೇನೋ ಊರಿನಲ್ಲಿ ಹೀಗೊಂದು ಮೌನ ಬಹಳ ಹೊತ್ತು ಕವಿದಿತ್ತು. ಲೀಗ್ ಆಟಗಾರನೊಬ್ಬ ಎರಡು ಆಟಗಳಲ್ಲಿ 300, 300 ಮುಗಿಸಿ ಮೂರನೆಯದಕ್ಕೆ ಇಳಿದಿದ್ದ. ನೂರಕ್ಕೆ 70 ಸ್ಟ್ರೈಕ್ ಹೊಡೆಯುವ ನಿಸ್ಸೀಮನಿಗೂ ಸತತ 36 ಬೀಳುವುದು ಮೂರೂಮುಕ್ಕಾಲು ಲಕ್ಷ ರಾತ್ರಿಗೊಮ್ಮೆ. ಮೂರನೇ ಆಟದ ನಡುವೆ ಆತನಿಗೆ ಬೆವರು ಸುರಿಯಿತು, ತಲೆ ಸುತ್ತಿತು. ಉದ್ವೇಗ ಎಂದುಕೊಂಡು ಎಸೆಯುತ್ತಲೇ ಹೋದ. ಅದು ಮಿದುಳಿನ ಆಘಾತ ಎಂದು ಗೊತ್ತಾದದ್ದು ಆಮೇಲೆ, ವೈದ್ಯರು ಹೇಳಿದಾಗ. 35 ಸ್ಟ್ರೈಕ್ ಆಗಿದ್ದವು. ಕೊನೆಯ ಚೆಂಡು ಎಣ್ಣೆ ದಾಟಿತು, ಒಣ ನೆಲ ಸಿಕ್ಕು ಬಾಗಿತು, ಒಂಬತ್ತು ಪಿನ್ನುಗಳು ಬಿದ್ದವು. 899. ಒಂದು ಹಾಗೇ ನಿಂತಿತ್ತು, ಯಂತ್ರ ಇಳಿದು ಬಂದು ಗುಡಿಸಿಕೊಂಡು ಹೋಗುವ ತನಕ.