ಜೀವಕೋಶದ ಕಾವಲುಗಾರ

ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿದರೆ ನೀರೊಡೆಯುವುದನ್ನು ತಾಯಂದಿರೆಲ್ಲರೂ ಬಲ್ಲರು. ಉಪ್ಪು ಜೀವಕೋಶಗಳೊಳಗಣ ನೀರನ್ನು ಹೊರಕ್ಕೆ ಸೆಳೆಯುತ್ತದೆ. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟೆಂಬ ಏಕಕೋಶಜೀವಿಯೂ ಉಪ್ಪುನೀರಿನಲ್ಲಿ ಹೀಗೆಯೇ ಕುಗ್ಗುವುದು. ಆದರೆ ಅಷ್ಟಕ್ಕೇ ಸಾಯದು. ಅದರೊಳಗಿನ ಹಾಗ್-1 ಎಂಬ ಪ್ರೋಟೀನು ಕೆಲವೇ ನಿಮಿಷಗಳಲ್ಲಿ ಎಚ್ಚೆತ್ತು ಗ್ಲಿಸರಾಲಿನ ತಯಾರಿಕೆಯನ್ನು ಹೆಚ್ಚಿಸುತ್ತದೆ. ಒಳಗೆ ಗ್ಲಿಸರಾಲು ತುಂಬಿದಂತೆ ಹೋದ ನೀರು ಮರಳಿ ಬರುತ್ತದೆ. ಬಳಿಕ ಹಾಗ್-1 ವಿಶ್ರಮಿಸುತ್ತದೆ. ವಿಶ್ರಮಿಸಲೇಬೇಕು, ಅದು ಸದಾ ಎಚ್ಚೆತ್ತೇ ಇದ್ದರೆ ಯೀಸ್ಟು ಅದರಿಂದಲೇ ಸಾಯುವುದು!

ಇದರ ದಾಯಾದಿಯಾದ ಪಿ-38 ನಮ್ಮ ದೇಹದಲ್ಲಿದೆ. ಅಮೆರಿಕದ ವಿಜ್ಞಾನಿಗಳು ಅದನ್ನು 1994ರಲ್ಲಿ ಗುರುತಿಸಿದರು. ಜಲಜನಕದ ಪರಮಾಣುವಿಗಿಂತ ಅದು ಸುಮಾರು 38,000 ಪಟ್ಟು ಭಾರವಾದುದರಿಂದ ಈ ಹೆಸರು. ಇತರ ಪ್ರೋಟೀನುಗಳಿಗೆ ಫಾಸ್ಫೇಟಿನ ತುಣುಕನ್ನಂಟಿಸಿ ಅವುಗಳ ನಡತೆಯನ್ನು ಬದಲಿಸುವ ಇಂತಹವನ್ನು ಕೈನೇಸುಗಳೆನ್ನುವರು. ಪಿ-38 ಎಚ್ಚರಗೊಳ್ಳಬೇಕಾದರೆ ಮೊದಲು ಅದಕ್ಕೇ ಎರಡು ಫಾಸ್ಫೇಟುಗಳು ಅಂಟಬೇಕು. ನೇರಳಾತೀತ ಕಿರಣ, ರೋಗಾಣುವಿನ ವಿಷ, ಅತಿಯಾದ ಉಪ್ಪು, ಯಾವುದು ತಾಗಿದರೂ ಅದು ಏಳುತ್ತದೆ. ಬಿಳಿ ರಕ್ತಕಣಗಳಿಂದ ಉರಿಯೂತದ ಸಂದೇಶಗಳನ್ನು ಹೊರಡಿಸುತ್ತದೆ. ಗಾಯವು ಕೆಂಪಾಗಿ ಊದಿಕೊಳ್ಳುವುದರಲ್ಲಿ ಇದರ ಪಾಲೂ ಉಂಟು.

ರುಮಟಾಯ್ಡ್ ಸಂಧಿವಾತದಲ್ಲಾದರೋ ಹೊರಗಿನ ಶತ್ರುವಿಲ್ಲದೆಯೇ ಈ ಕೂಗು ಮುಂದುವರಿದು ಕೀಲುಗಳು ಕೆಡುತ್ತವೆ. ಪಿ-38ನ್ನು ತಡೆದರಾಯಿತಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ವಿಜ್ಞಾನಿಗಳೂ ಹಾಗೆಯೇ ಎಣಿಸಿ ಹಲವು ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ರಕ್ತದಲ್ಲಿ ಉರಿಯೂತದ ಗುರುತುಗಳು ಕೆಲವು ವಾರ ಇಳಿದು, ಮತ್ತೆ ಏರಿದವು. ಕೆಲವು ಔಷಧಗಳಿಂದ ಯಕೃತ್ತಿಗೆ ಹಾನಿಯೂ ತೋರಿತು. ಉರಿಯನ್ನು ಆರಿಸುವ ಸಂದೇಶಗಳಲ್ಲಿ ಕೆಲವಕ್ಕೂ ಪಿ-38ರ ಅಪ್ಪಣೆಯೇ ಬೇಕಾಗಿತ್ತು.